ಹಳೆ ಬ್ಯಾಂಜೊ ಮಾರುವ ಮುಂಚೆ ಹಿಂಬದಿ ಬಿಚ್ಚಿ ಫೋಟೊ ತೆಗೆಯಿರಿ
ಮೊದಲ ಮಾಲೀಕರ ಬಳಿಯೇ ಇದ್ದ ಹಳೆ ಗಿಬ್ಸನ್ (ಅಮೆರಿಕದ ವಾದ್ಯ ಕಂಪನಿ) ಬ್ಯಾಂಜೊ ಎಂಬ ತಂತಿವಾದ್ಯ ಮಾರುವುದಿದ್ದರೆ, ಹಿಂಬದಿಯ ರೆಸೊನೇಟರ್ (ದನಿಯನ್ನು ಮುಂದಕ್ಕೆ ತಳ್ಳುವ ಮರದ ಮುಚ್ಚಳ) ಬಿಚ್ಚಿ ಒಳಗಿನ ಫೋಟೊ ಹಾಕಿ. ಸಾಮಾನ್ಯವಾಗಿ ಕೈಯಲ್ಲೇ ತಿರುಗಿಸುವ ನಾಲ್ಕು ಸ್ಕ್ರೂ, ಅಷ್ಟೇ. 1920-30ರ ದಶಕದ ಎಷ್ಟೋ ಗಿಬ್ಸನ್‌ಗಳಲ್ಲಿ ಮರದ ರಿಮ್ (ದುಂಡನೆಯ ಚೌಕಟ್ಟು) ಒಳಗೂ ರೆಸೊನೇಟರ್ ಒಳಗೂ ಫ್ಯಾಕ್ಟರಿ ನಂಬರು ಇರುತ್ತದೆ. ಎರಡೂ ತಾಳೆಯಾದರೆ ಆ ಭಾಗಗಳು ಬದಲಾಗಿಲ್ಲ ಎಂದು ಕೊಳ್ಳುವವರಿಗೆ ಧೈರ್ಯ. ದಯವಿಟ್ಟು ಒಳಗೆ ಬಟ್ಟೆ ಆಡಿಸಬೇಡಿ! ರೆಸೊನೇಟರ್‌ನ ನಂಬರು ಬಹಳ ಸಲ ಸೀಮೆಸುಣ್ಣದ್ದು, ಧೂಳು ಅಂತ ಸುಮ್ನೆ ಒರೆಸಿದರೆ ಹೋಯಿತು. ಆದರೆ ನೆಕ್ (ತಂತಿ ಒತ್ತಿ ನುಡಿಸುವ ಉದ್ದನೆಯ ಭಾಗ) ಮೂಲದ್ದೇ ಎಂದು ಈ ನಂಬರು ಹೇಳುವುದಿಲ್ಲ. ನಾಲ್ಕು ತಂತಿಯದಕ್ಕೆ ಆಮೇಲೆ ಐದು ತಂತಿಯ ನೆಕ್ ಹಾಕಿಸಿದವರು ಜಾಸ್ತಿ, ಬೆಲೆಯಲ್ಲೂ ಬಹಳ ವ್ಯತ್ಯಾಸ. ಅದಕ್ಕೆ ಮಾಲೀಕರ ಹಳೆ ಬಿಲ್ಲು, ಅವರು ನುಡಿಸುತ್ತಿರುವ ಹಳೆ ಫೋಟೊ ಇದ್ದರೆ ಕೇಳಿ ಜೊತೆಗಿಡಿ.