ಬೈಜಾಂಟಿಯನ್ ಸವಾರರ ಕವಚಕ್ಕೆ ಹೊಳಪು ವಾಪಸ್ ಬಂದಿದ್ದು

28 ಎಂಎಂ ಸೈಜಿನ ಬೊಂಬೆಗಳ ಬೈಜಾಂಟಿಯನ್ (ಪೂರ್ವ ರೋಮನ್ ಸಾಮ್ರಾಜ್ಯದ) ಸೈನ್ಯ ಪೇಂಟ್ ಮಾಡ್ತಿದೀನಿ, 10ನೇ ಶತಮಾನದ್ದು, ಚಕ್ರವರ್ತಿ ನಿಕೆಫೊರೊಸ್ ಫೋಕಾಸ್ ಕಾಲದ ಕಟಾಫ್ರಾಕ್ಟ್ ಅಂದ್ರೆ ಮೈತುಂಬ ಕವಚ ತೊಟ್ಟ ಕುದುರೆ ಸವಾರರು. ಇವರ ಕ್ಲಿಬಾನಿಯನ್ ಅಂದ್ರೆ ಪುಟ್ಟ ತಗಡುಗಳನ್ನ ಸಾಲಾಗಿ ಪೋಣಿಸಿದ ಎದೆಕವಚ, ಸಖತ್ತಾಗಿರುತ್ತೆ, ಆದ್ರೆ ಮ್ಯಾಟ್ ವಾರ್ನಿಷ್ ಸ್ಪ್ರೇ ಹೊಡೆದ್ರೆ ಸಾಕು ಸಿಲ್ವರೆಲ್ಲಾ ಸತ್ತು ಸಿಮೆಂಟ್ ತರ ಆಗೋಗ್ತಿತ್ತು. ವಾರ್ನಿಷ್ ಬಿಡೋಕೂ ಆಗಲ್ಲ, ಮೆಟಲ್ ಬೊಂಬೆ, ಕೈ ತಾಗಿ ತಾಗಿ ಈಟಿ ತುದಿ, ಕುದುರೆ ಕಿವಿ ಹತ್ರ ಬಣ್ಣ ಎದ್ದುಬರುತ್ತೆ.

ಸರಿಹೋಗಿದ್ದು ಹೀಗೆ: ಮ್ಯಾಟ್ ಪೂರ್ತಿ ಒಣಗಿದ್ಮೇಲೆ ಕವಚಕ್ಕೆ ಮಾತ್ರ ತೆಳ್ಳಗೆ ಕಂದು ವಾಶ್ (ನೀರು ನೀರಾದ ಬಣ್ಣ) ಬಿಟ್ಟು, ಅದು ತಗಡಿನ ಸಂದಿಗಿಳಿದು ಒಣಗಿದ್ಮೇಲೆ ಬಹುತೇಕ ಬಣ್ಣ ಒರೆಸಿ ತೆಗೆದ ಡ್ರೈ ಬ್ರಷ್‌ನಲ್ಲಿ ಸಿಲ್ವರ್ ಸವರಿ, ಕೊನೆಗೆ ಸಣ್ಣ ಬ್ರಷ್‌ನಿಂದ ಗ್ಲಾಸಿ ವಾರ್ನಿಷ್. ಬಟ್ಟೆ, ಕುದುರೆ ಮೈ ಎಲ್ಲಾ ಮ್ಯಾಟ್ ಆಗೇ ಉಳಿಯೋದ್ರಿಂದ ಕವಚ ಇನ್ನೂ ಎದ್ದು ಕಾಣುತ್ತೆ.

ಜೋಡಿಸಿದ್ದು ಬೆಣೆ ವ್ಯೂಹದಲ್ಲಿ. ಫೋಕಾಸನ ಯುದ್ಧ ಕೈಪಿಡಿ ಲೆಕ್ಕದಲ್ಲಿ ಮೊದಲ ಸಾಲಿಗೆ 20 ಜನ, ಆಮೇಲೆ ಸಾಲಿಗೆ 4 ಜಾಸ್ತಿ, 12 ಸಾಲಿಗೆ 504. ಅಷ್ಟು ಬೊಂಬೆ ತರೋಕೆ ದುಡ್ಡೆಲ್ಲಿದೆ ಮಾರಾಯ್ರೆ, ಮೂರೇ ಸಾಲು ಸಾಕು, ಮುಂದೆ ಕಿರಿದು ಹಿಂದೆ ಅಗಲ ಇದ್ರೆ ಆಯ್ತು. ಬೇಸ್ ಕೆಳಗೆ ಮ್ಯಾಗ್ನೆಟ್, ಶೆಲ್ಫ್ ಮೇಲೆ ಕಬ್ಬಿಣದ ಶೀಟ್ ಹಾಕಿದೀನಿ, ಧೂಳು ಒರೆಸುವಾಗಲೂ ಜಾರಲ್ಲ.