ರೈಬೋಜೈಮ್ ಆರಿಸಿ ಗಿಡ್ಡ ಮಾಡುವುದು ಹೇಗೆ?

ಉದ್ದದ ರೈಬೋಜೈಮ್ (ಕಿಣ್ವದಂತೆ ಕ್ರಿಯೆ ನಡೆಸುವ ಆರ್‌ಎನ್‌ಎ) ಕೈಗೆ ಬಂದ ಕೂಡಲೇ ಕಂಪ್ಯೂಟರಿನಲ್ಲಿ ಅದರ ಮಡಿಕೆಯ ಚಿತ್ರ ತೆಗೆದು, ಬೇಡವೆಂದು ಕಂಡ ಕೊಂಬೆಗಳನ್ನೆಲ್ಲ ಕಡಿದು, ಉಳಿದಷ್ಟಕ್ಕೆ ಆರ್ಡರ್ ಕೊಟ್ಟುಬಿಡುತ್ತಾರೆ. ಬಂದ ತುಂಡು ಕೆಲಸ ಮಾಡುವುದಿಲ್ಲ. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲೋ ಕಾಸರಗೋಡಿನ ಕಾಲೇಜುಗಳಲ್ಲೋ ಪ್ರಾಜೆಕ್ಟಿಗೆ ಕೂರುವವರು ಈ ಕ್ರಮ ಹಿಡಿಯಲಿ. ಇಲ್ಲಿ ಉದಾಹರಣೆ ಲೈಗೇಸ್, ಅಂದರೆ ತನ್ನ 5-ಪ್ರೈಮ್ (ಆರಂಭದ) ತುದಿಗೆ ಇನ್ನೊಂದು ಆರ್‌ಎನ್‌ಎ ತುಂಡನ್ನು ಬೆಸೆದುಕೊಳ್ಳುವ ಅಣು. ಯಾದೃಚ್ಛಿಕ ಸರಣಿಗಳ ರಾಶಿಯಿಂದ ಇಂಥವನ್ನು ಡೇವಿಡ್ ಬಾರ್ಟೆಲ್ ಮತ್ತು ಜ್ಯಾಕ್ ಶಾಸ್ಟಾಕ್ 1993ರಲ್ಲಿ ಆರಿಸಿ ತೆಗೆದರು.

1. ಪೂಲ್, ಅಂದರೆ ಆಯ್ಕೆಗೆ ಇಡುವ ಡಿಎನ್‌ಎ ರಾಶಿ: ಟಿ7 ಪ್ರೊಮೋಟರ್ (ಆರ್‌ಎನ್‌ಎ ಬರೆಯುವ ಟಿ7 ಕಿಣ್ವ ಶುರುಮಾಡುವ ಜಾಗ), ಎರಡೂ ತುದಿಗೆ ಪ್ರೈಮರ್ (ನಕಲು ಶುರುಮಾಡಿಸುವ ಗಿಡ್ಡ ಡಿಎನ್‌ಎ) ಕೂರುವ ಜಾಗ, ನಡುವೆ ಯಾದೃಚ್ಛಿಕ ಭಾಗ. 1.66 ನ್ಯಾನೋಮೋಲ್ ತೆಗೆದುಕೊಂಡರೆ 10ರ 15ನೇ ಘಾತದಷ್ಟು ಅಣುಗಳು ಸಿಗುತ್ತವೆ.

2. ಆರ್‌ಎನ್‌ಎ ಬರೆಸಿ, 7 ಮೋಲಾರ್ ಯೂರಿಯಾ ಜೆಲ್‌ನಲ್ಲಿ ಶುದ್ಧಮಾಡಿ. ಕಾಲಂ ಕಿಟ್ ಬೇಡ. ಅರ್ಧಕ್ಕೆ ನಿಂತ ತುಂಡುಗಳನ್ನು ಅದು ಬೇರ್ಪಡಿಸದು. ಆಟಿ ತಿಂಗಳ ಮಳೆಯ ತೇವಕ್ಕೆ ಅಮೋನಿಯಂ ಪರ್ಸಲ್ಫೇಟ್ ಕೆಟ್ಟು ಜೆಲ್ ಗಟ್ಟಿಯಾಗದೆ ಕೂರುತ್ತದೆ. ನೀರು ಬಿದ್ದಾಗ ಪುಡಿ ಚಿಟಚಿಟ ಅನ್ನದಿದ್ದರೆ ಹೊಸ ಡಬ್ಬ ತೆರೆಯಿರಿ.

3. ಆಯ್ಕೆ: ಮೆಗ್ನೀಸಿಯಂ ಇಲ್ಲದೆ 90 ಡಿಗ್ರಿಯಲ್ಲಿ 2 ನಿಮಿಷ ಕಾಯಿಸಿ, ತಣಿಸಿ, ಆಮೇಲೆ ಮೆಗ್ನೀಸಿಯಂ ಹಾಕಿ. ಬಿಸಿಯಲ್ಲೇ ಹಾಕಿದರೆ ಆರ್‌ಎನ್‌ಎ ಮುರಿಯುತ್ತದೆ. ಬಯೋಟಿನನ್ನು ಹಿಡಿಯುವ ಸ್ಟ್ರೆಪ್ಟಾವಿಡಿನ್ ಮಣಿಗೆ ಸುಮ್ಮನೆ ಅಂಟುವವನ್ನು ಮೊದಲೇ ಖಾಲಿ ಮಣಿಗಳ ಮೇಲೆ ಹಾಯಿಸಿ ಕಳೆಯಿರಿ. ನಂತರ ಬಯೋಟಿನ್ ಹೊತ್ತ ಸಬ್‌ಸ್ಟ್ರೇಟ್ (ಬೆಸೆದುಕೊಳ್ಳಬೇಕಾದ ತುಂಡು) ಕೊಡಿ. ಬೆಸೆದುಕೊಂಡವು ಮಾತ್ರ ಮಣಿಗೆ ಸಿಗುತ್ತವೆ. ಮೊದಲ ಸುತ್ತುಗಳಲ್ಲಿ 60 ಮಿಲಿಮೋಲಾರ್ ಮೆಗ್ನೀಸಿಯಂ, ಇಡೀ ರಾತ್ರಿ. ಬರಬರುತ್ತ ಎರಡನ್ನೂ ಇಳಿಸಿ, ಸಮಯವನ್ನು ನಿಮಿಷಗಳಿಗೆ ತನ್ನಿ. ವಿದೇಶದ ಪ್ರಬಂಧಗಳಲ್ಲಿ ಬರುವ 'ರೂಂ ಟೆಂಪರೇಚರ್' ಸುಮಾರು 22 ಡಿಗ್ರಿ. ಏಪ್ರಿಲಿನ ಕಾಸರಗೋಡಿನಲ್ಲಿ ಟ್ಯೂಬನ್ನು ಮೇಜಿನ ಮೇಲಿಟ್ಟರೆ ಅದು ಬೇರೆಯೇ ಪ್ರಯೋಗ. ಹೀಟ್ ಬ್ಲಾಕ್ ಬಳಸಿ.

4. ಪಿಸಿಆರ್, ಅಂದರೆ ಡಿಎನ್‌ಎ ನಕಲು ಹೆಚ್ಚಿಸುವುದು: ಮಣಿಗೆ ಸಿಕ್ಕ ಆರ್‌ಎನ್‌ಎಯನ್ನು ಮೊದಲು ಡಿಎನ್‌ಎಗೆ ತಿರುಗಿಸಿ. ಒಂದು ಪ್ರೈಮರ್ ಸಬ್‌ಸ್ಟ್ರೇಟಿನ ಸರಣಿಗೆ ಕೂರಲಿ. ಎರಡೆರಡು ಸೈಕಲ್‌ಗೊಮ್ಮೆ ಚೂರು ತೆಗೆದು ಜೆಲ್‌ನಲ್ಲಿ ನೋಡಿ, ಪಟ್ಟಿ ಕದಡುವ ಮೊದಲೇ ನಿಲ್ಲಿಸಿ. ಅತಿಯಾದರೆ ಏನೂ ಮಾಡದೆ ಬೇಗ ನಕಲಾಗುವ ಗಿಡ್ಡ ಪರಾವಲಂಬಿಗಳು ಪೂಲನ್ನೇ ನುಂಗುತ್ತವೆ. ಟಿ7 ಪ್ರೊಮೋಟರನ್ನು ಎರಡನೇ ಪಿಸಿಆರ್‌ನಲ್ಲಿ ಮರಳಿ ಜೋಡಿಸಿ, 2ನೇ ಹೆಜ್ಜೆಯಿಂದ ಮತ್ತೆ ಶುರುಮಾಡಿ. ಇದೇ ಒಂದು ಸುತ್ತು.

ಚಟುವಟಿಕೆ ಏರುವುದು ನಿಂತಾಗ ಸೀಕ್ವೆನ್ಸ್ ಮಾಡಿಸಿ. ಸಂಖ್ಯೆಯಲ್ಲಿ ಹೆಚ್ಚಿರುವುದೇ ಚುರುಕಿನದು ಎಂದೇನಿಲ್ಲ. ಮೂರ್ನಾಲ್ಕು ಕುಟುಂಬಗಳ (ಒಂದನ್ನೊಂದು ಹೋಲುವ ಸರಣಿಗಳ ಗುಂಪುಗಳ) ವೇಗ ಅಳೆದು ಒಂದನ್ನು ಹಿಡಿಯಿರಿ.

5. ಗಿಡ್ಡ ಮಾಡುವುದು: 3-ಪ್ರೈಮ್ (ಬಾಲದ) ತುದಿ ಎಲ್ಲಿಯವರೆಗೆ ಬೇಕು ಎಂಬುದನ್ನು ಅಣುವಿನಿಂದಲೇ ಹೇಳಿಸಬೇಕು. ಇಡೀ ಆರ್‌ಎನ್‌ಎಯನ್ನು ಪಿಎಚ್ 9ರ 50 ಮಿಲಿಮೋಲಾರ್ ಸೋಡಿಯಂ ಬೈಕಾರ್ಬನೇಟಿನಲ್ಲಿ 90 ಡಿಗ್ರಿಗೆ ಕೆಲವು ನಿಮಿಷ ಕಾಯಿಸಿ. ಒಂದು ಅಣುವಿಗೆ ಹೆಚ್ಚೆಂದರೆ ಒಂದು ಕಡಿತ ಬೀಳಬೇಕು. ಅರ್ಧದಷ್ಟಾದರೂ ಇಡಿಯಾಗಿ ಉಳಿಯದಿದ್ದರೆ ಕಾಯಿಸಿದ್ದು ಜಾಸ್ತಿಯಾಯಿತು. ತಟಸ್ಥಗೊಳಿಸಿ, ಎಥನಾಲ್‌ನಲ್ಲಿ ಇಳಿಸಿ, 5-ಪ್ರೈಮ್ ತುದಿಗೆ ಬಣ್ಣ ಅಂಟಿಸಿದ ಸಬ್‌ಸ್ಟ್ರೇಟಿನ ಜತೆ ಬಿಡಿ. ಫ್ಲೋರೆಸೀನ್ ಸಾಕು, ರಂಜಕ-32 ಬಳಸಲು ಪರವಾನಗಿ ಇಲ್ಲದ ಕಾಲೇಜಿನಲ್ಲೂ ನಡೆಯುತ್ತದೆ. ಇನ್ನೂ ಜೀವವಿರುವ ತುಂಡುಗಳಿಗೆ ಮಾತ್ರ ಬಣ್ಣ ಹತ್ತುತ್ತದೆ. ಇವನ್ನು ಜೆಲ್‌ನಲ್ಲಿ ಓಡಿಸಿದರೆ ಪಟ್ಟಿಗಳು ಏಣಿಯಂತೆ ಕಾಣುತ್ತವೆ. ಪಕ್ಕದ ಸಾಲಿನಲ್ಲಿ ಮೊದಲು ಬೆಸೆದು ಆಮೇಲೆ ಕ್ಷಾರದಲ್ಲಿ ಮುರಿದ ಮಾದರಿ ಓಡಿಸಿ. ಅದರಲ್ಲಿ ಎಲ್ಲ ಮೆಟ್ಟಿಲುಗಳೂ ಇರುತ್ತವೆ. ಮೊದಲ ಸಾಲಿನ ಏಣಿ ಎಲ್ಲಿ ಥಟ್ಟನೆ ಮಸುಕಾಗುತ್ತದೋ ಅದೇ ಗಡಿ. ಎಣಿಕೆಗೆ ಆರ್‌ಎನ್‌ಏಸ್ ಟಿ1 ಸಾಲು ಇರಲಿ, ಅದು ಪ್ರತಿ 'ಜಿ'ಯ ಬಳಿ ಕತ್ತರಿಸುತ್ತದೆ.

ಇಲ್ಲೊಂದು ಮೋಸವಿದೆ. ಕಡಿದುಹೋದ ಬಾಲದ ತುಂಡು ಅದೇ ಟ್ಯೂಬಿನಲ್ಲಿ ತಲೆಯ ತುಂಡಿನ ಜತೆ ಮತ್ತೆ ಕೂಡಿಕೊಂಡು ಕೆಲಸ ಮಾಡಿಸಬಹುದು. ಆಗ ಗಡಿ ಇರಬೇಕಾದುದಕ್ಕಿಂತ ಒಳಗೆ ಕಾಣುತ್ತದೆ. ಆರ್‌ಎನ್‌ಎ ತೆಳುವಾಗಿಟ್ಟು ಇನ್ನೊಮ್ಮೆ ಮಾಡಿ, ಗಡಿಯಿಂದ ಆಚೆಗೆ ಮೂರ್ನಾಲ್ಕು ಅಕ್ಷರ ಉಳಿಸಿಯೇ ಕತ್ತರಿಸಿ.

ಒಳಭಾಗವನ್ನು ಮುಟ್ಟುವಾಗ ಒಂದು ಸಲಕ್ಕೆ ಒಂದೇ ಕೊಂಬೆ. ಕಾಂಡವನ್ನು (ಅಕ್ಷರಗಳು ಜೋಡಿಯಾದ ಭಾಗವನ್ನು) ನಾಲ್ಕು ಜೋಡಿಗೆ ಇಳಿಸಿ, ತುದಿಯ ಲೂಪ್ ತೆಗೆದು, ಸಿ-ಜಿ ಜೋಡಿಯ ಮೇಲೆ ಯುಯುಸಿಜಿ ಎಂಬ ನಾಲ್ಕಕ್ಷರದ ಲೂಪ್ ಕೂರಿಸಿ. ಹಲವರು ಜಿಎಎಎ ಹಾಕುತ್ತಾರೆ. ಅದು ಅಣುವಿನ ಬೇರೆ ಭಾಗಕ್ಕೆ ಕೈ ಚಾಚುವ ಸ್ವಭಾವದ್ದು, ಬೇಡ. ಆರಂಭದ ಎರಡು ಜಿಗಳನ್ನು ಮುಟ್ಟಬೇಡಿ, ಟಿ7 ಇಳುವರಿ ಬಿದ್ದುಹೋಗುತ್ತದೆ.

ಪ್ರತಿ ತುಂಡಿನ ವೇಗವನ್ನೂ ಮುಂದೆ ಬಳಸಲಿರುವ ಮೆಗ್ನೀಸಿಯಂನಲ್ಲೇ ಅಳೆಯಿರಿ. ತನ್ನನ್ನೇ ಕಡಿದುಕೊಳ್ಳುವ ಹ್ಯಾಮರ್‌ಹೆಡ್ ರೈಬೋಜೈಮಿನ ಕಥೆ ನೋಡಿ: ಲೂಪ್‌ಗಳನ್ನು ತೆಗೆದ ಗಿಡ್ಡ ರೂಪ ಪ್ರಯೋಗಾಲಯದ 10 ಮಿಲಿಮೋಲಾರ್‌ನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಆ ಲೂಪ್‌ಗಳ ಪರಸ್ಪರ ಹಿಡಿತ ಇದ್ದರೆ ಜೀವಕೋಶದಲ್ಲಿರುವಷ್ಟು ಕಡಿಮೆ ಮೆಗ್ನೀಸಿಯಂನಲ್ಲೂ ಅದು ಚುರುಕು ಎಂದು 2003ರಲ್ಲಷ್ಟೇ ಗೊತ್ತಾಯಿತು. ಮಡಿಕೆಯ ಚಿತ್ರದಲ್ಲಿ ಅಂಥ ಹಿಡಿತ ಕಾಣುವುದೇ ಇಲ್ಲ.

ವೇಗ ಅಳೆಯುವಾಗ ಕ್ರಿಯೆ ನಿಲ್ಲಿಸುವ ದ್ರಾವಣದಲ್ಲಿ ಇಡಿಟಿಎ (ಮೆಗ್ನೀಸಿಯಂ ಹಿಡಿದಿಡುವ ರಾಸಾಯನಿಕ) ಮೆಗ್ನೀಸಿಯಂಗಿಂತ ಹೆಚ್ಚಿರಲಿ. 60 ಮಿಲಿಮೋಲಾರ್ ಮೆಗ್ನೀಸಿಯಂ ಇರುವ ಟ್ಯೂಬಿಗೆ ಅಷ್ಟೇ ಪ್ರಮಾಣದ 20 ಮಿಲಿಮೋಲಾರ್ ಇಡಿಟಿಎ ಸುರಿದರೆ ಕ್ರಿಯೆ ನಿಲ್ಲದು, ಎಲ್ಲ ತುಂಡುಗಳೂ ಒಂದೇ ವೇಗದವು ಎಂಬಂತೆ ಕಾಣುತ್ತವೆ.