ಅಮೆರಿಕಕ್ಕೆ ಹೊಸದಾಗಿ ಬಂದವರೇ, ಊರ ಉಸಾಬರಿ ಸ್ವಲ್ಪ ಇರಲಿ

ಬಂದ ಹೊಸದರಲ್ಲಿ ಎಲ್ಲರೂ ಕೇಳುವ ಪ್ರಶ್ನೆಗಳು ಒಂದೇ. ಸೋನಾ ಮಸೂರಿ ಎಲ್ಲಿ ಸಿಗುತ್ತೆ, ಕ್ರೆಡಿಟ್ ಸ್ಕೋರ್ ಹೇಗೆ ಬೆಳೆಸೋದು, ಯಾವ ಸ್ಕೂಲ್ ಡಿಸ್ಟ್ರಿಕ್ಟ್ ಒಳ್ಳೆಯದು. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ನಿಂತು ಎಷ್ಟೋ ಜನಕ್ಕೆ ನಾನೇ ಉತ್ತರ ಹೇಳಿದ್ದೇನೆ. ಆದರೆ ಇಲ್ಲಿನ ಸರ್ಕಾರ ನಮ್ಮ ಬದುಕಿನಲ್ಲಿ ಎಲ್ಲಿಯವರೆಗೆ ಕೈ ಹಾಕಬಹುದು, ಎಲ್ಲಿ ನಾವು "ಬೇಡ" ಅನ್ನಬಹುದು ಎಂದು ಯಾರೂ ಕೇಳಿದ್ದಿಲ್ಲ. ಯಾರಾದರೂ ಬಾಯಿ ತೆಗೆದರೂ ಪಕ್ಕದವರು ತಡೆಯುತ್ತಾರೆ: "ನಮಗ್ಯಾಕ್ರೀ ಊರ ಉಸಾಬರಿ? ಗ್ರೀನ್ ಕಾರ್ಡ್ ಬರೋ ತನಕ ತಲೆ ತಗ್ಗಿಸ್ಕೊಂಡು ಇದ್ಬಿಡಿ."

ನಾನೂ ಹಾಗೇ ಇದ್ದವನು. 2002ರ ಅಕ್ಟೋಬರ್‌ನಲ್ಲಿ ಎಚ್1ಬಿ ಎಂಬ ಕೆಲಸದ ವೀಸಾ ಮೇಲೆ ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಬಂದೆ. ಗ್ರೀನ್ ಕಾರ್ಡಿಗೆ ಒಂಬತ್ತು ವರ್ಷ, ಸಿಟಿಜನ್ ಆಗಲು ಮತ್ತೈದು. ಆ ಹದಿನಾಲ್ಕು ವರ್ಷ ತಲೆ ತಗ್ಗಿಸಿದ್ದೇ ತಗ್ಗಿಸಿದ್ದು. ಕುತ್ತಿಗೆ ಹಾಗೇ ಒಗ್ಗಿಹೋಗಿ, ಪಾಸ್‌ಪೋರ್ಟ್ ಕೈಗೆ ಬಂದ ಮೇಲೂ ಮೇಲೇಳಲಿಲ್ಲ.

ಮೊದಲು ಎಡವಿ ಬೀಳುವ ಜಾಗ ಹೇಳಿಬಿಡುತ್ತೇನೆ. ಲೈಸೆನ್ಸ್ ಮಾಡಿಸಲು ಡಿಎಂವಿಗೆ, ಅಂದರೆ ಇಲ್ಲಿನ ಆರ್‌ಟಿಒಗೆ, ಹೋಗುತ್ತೀರಿ. 1993ರ ಒಂದು ಕಾನೂನಿನಿಂದಾಗಿ ಬಹುತೇಕ ರಾಜ್ಯಗಳಲ್ಲಿ ಅದೇ ಅರ್ಜಿಯಲ್ಲಿ ಮತದಾರರ ಪಟ್ಟಿಗೂ ಹೆಸರು ಸೇರಿಸಬಹುದು. "ವೋಟಿಗೆ ರಿಜಿಸ್ಟರ್ ಮಾಡ್ಲಾ?" ಎಂದು ಕೌಂಟರ್‌ನಲ್ಲಿ ಕೇಳುತ್ತಾರೆ. ನಮ್ಮವರು ಮರ್ಯಾದೆಗೆ "ಯೆಸ್" ಅಂದುಬಿಡುತ್ತಾರೆ. ದಯವಿಟ್ಟು ಅನ್ನಬೇಡಿ. ಸಿಟಿಜನ್ ಅಲ್ಲದವರು ತಾವು ಸಿಟಿಜನ್ ಎಂದು ಟಿಕ್ ಹಾಕಿದರೆ, 1996ರ ವಲಸೆ ಕಾನೂನಿನಲ್ಲಿ ಅದಕ್ಕೆ ಕ್ಷಮೆ ಇಲ್ಲವೆನ್ನುವಷ್ಟು ಕಮ್ಮಿ. ಗ್ರೀನ್ ಕಾರ್ಡ್ ಕನಸು ಅಲ್ಲಿಗೇ ಮುಗಿಯಬಹುದು. ಕೋರ್ಟಿನಲ್ಲಿ ಜೂರಿಯಾಗಿ ಕೂರಲು ಕರೆಯುವ ಜೂರಿ ಡ್ಯೂಟಿ ಕಾಗದ ಬಂದರೆ ಎಸೆಯಬೇಡಿ, "ನಾನು ಸಿಟಿಜನ್ ಅಲ್ಲ" ಎಂಬ ಕಡೆ ಗುರುತು ಹಾಕಿ ವಾಪಸ್ ಕಳಿಸಿ. ಮನೆ ಬದಲಿಸಿದರೆ 10 ದಿನದೊಳಗೆ ವಿಳಾಸ ಬದಲಾವಣೆಯ ಎಆರ್-11 ಫಾರ್ಮ್ ತುಂಬಿ.

ಇನ್ನೊಂದು ಕಾನೂನು ಇದೆ. 18 ದಾಟಿದ ವಲಸಿಗರು ನೋಂದಣಿಯ ದಾಖಲೆಯನ್ನು, ಅಂದರೆ ಗ್ರೀನ್ ಕಾರ್ಡ್ ಅಥವಾ ದೇಶದೊಳಗೆ ಬಂದದ್ದರ ದಾಖಲೆಯಾದ ಐ-94 ಥರದ್ದನ್ನು, ಸದಾ ಜೊತೆಗಿಟ್ಟುಕೊಂಡಿರಬೇಕು. ನಾನು ಬಂದಾಗ ಇದನ್ನು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ದಶಕಗಳಿಂದ ಪುಸ್ತಕದಲ್ಲಿ ಮಲಗಿತ್ತು. 2025ರಲ್ಲಿ ಸರ್ಕಾರ ಅದನ್ನು ಎಬ್ಬಿಸಿ, ಇನ್ನು ಮುಂದೆ ಬಿಗಿಯಾಗಿ ಜಾರಿ ಮಾಡುತ್ತೇವೆ ಎಂದಿತು. ಈ ದೇಶದಲ್ಲಿ ಅಧಿಕಾರ ಬೆಳೆಯುವ ರೀತಿ ಜಾಸ್ತಿ ಹೀಗೇ. ಹೊಸ ಕಾನೂನು ಬಂದರೆ ಗಲಾಟೆಯಾಗುತ್ತದೆ. ಹಳೆಯದು ಎದ್ದು ಕೂತರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಫೋನಿನ ಕತೆಯೂ ವಿಚಿತ್ರ. ಸಂವಿಧಾನದ ನಾಲ್ಕನೇ ತಿದ್ದುಪಡಿ 1791ರದ್ದು. ಸರಿಯಾದ ಕಾರಣವಿಲ್ಲದೆ ಮನೆ, ಮೈ, ಕಾಗದಪತ್ರ ಜಾಲಾಡಬಾರದು ಎನ್ನುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು: ಅರೆಸ್ಟ್ ಆದವನ ಫೋನ್ ನೋಡಲೂ ಪೊಲೀಸರಿಗೆ ವಾರಂಟ್ ಬೇಕು. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ವಿಮಾನ ಇಳಿದು ಇಮಿಗ್ರೇಷನ್ ಸಾಲಿನಲ್ಲಿ ನಿಂತಾಗ ಲೆಕ್ಕವೇ ಬೇರೆ. ಗಡಿಯಲ್ಲಿ ವಾರಂಟ್ ಇಲ್ಲದೆಯೇ ಫೋನ್ ನೋಡುವ ಅಧಿಕಾರ ತಮಗಿದೆ ಎಂದು ಅಧಿಕಾರಿಗಳು ಹೇಳುತ್ತಾರೆ, ನೋಡುತ್ತಾರೆ. ಪಾಸ್‌ವರ್ಡ್ ಕೊಡಲ್ಲ ಎಂದ ಸಿಟಿಜನ್‌ನ ಫೋನ್ ಇಟ್ಟುಕೊಳ್ಳಬಹುದು, ಆದರೆ ಅವನನ್ನು ಒಳಗೆ ಬಿಡಲೇಬೇಕು. ವೀಸಾದವರನ್ನು ಹಾಗೇ ವಾಪಸ್ ಕಳಿಸಬಹುದು. ಆ ಕೌಂಟರಿನ ಮುಂದೆ ನಿಂತು ಹಕ್ಕಿನ ಭಾಷಣ ಮಾಡಬೇಡಿ. ಫೋನ್ ಹಗುರ ಮಾಡಿಕೊಂಡು ಬನ್ನಿ, ಅಷ್ಟೇ.

ಮನೆ ಬಾಗಿಲಲ್ಲಿ ಮಾತ್ರ ನಿಮ್ಮ ಕೈ ಮೇಲೆ. ಯಾರೇ ಬಾಗಿಲು ಬಡಿದರೂ ತೆಗೆಯುವ ಮೊದಲು ವಾರಂಟ್ ತೋರಿಸಿ ಎನ್ನಬಹುದು. ನ್ಯಾಯಾಧೀಶರ ಸಹಿ ಇರುವ ವಾರಂಟ್ ಬೇರೆ, ಇಲಾಖೆಯವರೇ ಸಹಿ ಹಾಕಿಕೊಂಡ ಕಾಗದ ಬೇರೆ. ಬಾಗಿಲ ಸಂದಿಯಲ್ಲಿ ಇಸಕೊಂಡು ಸಹಿ ಯಾರದು ಓದಿ. ನಮ್ಮೂರಲ್ಲಿ ಪೊಲೀಸರು ಬಂದರೆ ಕಾಫಿ ಕೊಟ್ಟು ಕೂರಿಸುವ ಅಭ್ಯಾಸ. ಇಲ್ಲಿ "ಬನ್ನಿ ಒಳಗೆ" ಅಂದರೆ ಒಪ್ಪಿಗೆ ಕೊಟ್ಟ ಹಾಗೆ.

ಇನ್ನು ನಗದು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಎಂಟು ಹತ್ತು ಸಾವಿರ ಡಾಲರ್ ಕವರಿನಲ್ಲಿ ಹಾಕಿಕೊಂಡು ನೂರಾರು ಮೈಲಿ ಓಡಿಸಿಕೊಂಡು ಹೋಗುವ ಹುಡುಗರನ್ನು ನೋಡಿದ್ದೇನೆ. ದಾರಿಯಲ್ಲಿ ಪೊಲೀಸರು ತಡೆದು, ಇದು ಡ್ರಗ್ಸ್ ದುಡ್ಡಿರಬಹುದು ಎಂಬ ಅನುಮಾನ ಬಂದರೆ ದುಡ್ಡನ್ನೇ ಜಪ್ತಿ ಮಾಡಬಹುದು. ನಿಮ್ಮ ಮೇಲೆ ಕೇಸ್ ಹಾಕಲೇಬೇಕೆಂದಿಲ್ಲ. ಕೇಸು ದುಡ್ಡಿನ ಮೇಲೆ! ವಾಪಸ್ ಬೇಕಾದರೆ ನೀವು ಕೋರ್ಟು ಸುತ್ತಬೇಕು. ನ್ಯೂ ಮೆಕ್ಸಿಕೊ ರಾಜ್ಯ 2015ರಲ್ಲಿ ಇದನ್ನು ತೆಗೆದುಹಾಕಿತು. 2019ರಲ್ಲಿ ಇಂಡಿಯಾನಾದ ಟೈಸನ್ ಟಿಂಬ್ಸ್ ಎಂಬಾತ ಜಪ್ತಿಯಾದ ತನ್ನ 42 ಸಾವಿರ ಡಾಲರಿನ ಲ್ಯಾಂಡ್ ರೋವರ್‌ಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅತಿಯಾದ ದಂಡದ ಮೇಲೆ ಸಂವಿಧಾನದಲ್ಲಿರುವ ನಿಷೇಧ ರಾಜ್ಯಗಳಿಗೂ ಅನ್ವಯಿಸುತ್ತದೆ ಎಂಬ ತೀರ್ಪು ಪಡೆದ. ಉಳಿದ ಬಹುತೇಕ ಕಡೆ ಪದ್ಧತಿ ಒಂದಲ್ಲ ಒಂದು ರೂಪದಲ್ಲಿ ನಡೆದೇ ಇದೆ. ನೀವು ಬ್ಯಾಂಕಿನಿಂದ ಕ್ಯಾಷಿಯರ್ಸ್ ಚೆಕ್ ಮಾಡಿಸಿ ತೊಗೊಂಡು ಹೋಗಿ.

ಈಗ ನನ್ನದೇ ಒಂದು ಮಾತು. ನಾನು ಬಂದ ವರ್ಷ ಪಕ್ಕದ ಕ್ಯುಬಿಕಲ್‌ನಲ್ಲಿ ಲಾಹೋರಿನ ಹುಡುಗನೊಬ್ಬ ಇದ್ದ. ನನ್ನ ಡಬ್ಬಿಯ ಚಿತ್ರಾನ್ನ ಅವನಿಗೆ, ಅವನ ಪರಾಠ ನನಗೆ. ಸೆಪ್ಟೆಂಬರ್ 11ರ ದಾಳಿಯ ನಂತರ ಸರ್ಕಾರ 25 ದೇಶಗಳ ಪಟ್ಟಿ ಮಾಡಿ, ಅಲ್ಲಿಂದ ಬಂದು ಇಲ್ಲಿ ವೀಸಾ ಮೇಲಿದ್ದ 16 ದಾಟಿದ ಗಂಡಸರು ಕಚೇರಿಗೆ ಬಂದು ಬೆರಳಚ್ಚು, ಫೋಟೊ ಕೊಟ್ಟು ವಿಚಾರಣೆ ಎದುರಿಸಬೇಕು ಎಂದಿತು. ಪಟ್ಟಿಯಲ್ಲಿ ಪಾಕಿಸ್ತಾನ ಇತ್ತು, ಇಂಡಿಯಾ ಇರಲಿಲ್ಲ. 2003ರ ಮೊದಲ ತಿಂಗಳುಗಳಲ್ಲಿ ಅವನ ಸರದಿ. ಹಿಂದಿನ ದಿನ ನನ್ನ ಹತ್ತಿರ ಬಂದು, "ನಾಳೆ ನನ್ನ ಜೊತೆ ಬಂದು ಹೊರಗೆ ಕೂತಿರ್ತೀಯಾ? ಸಂಜೆವರೆಗೂ ನಾನು ಹೊರಗೆ ಬರದಿದ್ರೆ ಹೆಂಡ್ತಿಗೆ ಫೋನ್ ಮಾಡು" ಎಂದ. ನಾನು ರಿಲೀಸ್ ಮೀಟಿಂಗ್ ಇದೆ ಎಂದೆ. ಮೀಟಿಂಗ್ ಇತ್ತು, ನಿಜ. ಆದರೆ ಮುಂದೂಡಬಹುದಾಗಿತ್ತು.

ಅವನು ರಾತ್ರಿ ಎಂಟಕ್ಕೆ ಮನೆ ಸೇರಿದನಂತೆ. ಆ ಪಟ್ಟಿಯಂತೆ ದೇಶದೊಳಗೆ 80 ಸಾವಿರಕ್ಕೂ ಹೆಚ್ಚು ಗಂಡಸರು ನೋಂದಾಯಿಸಿಕೊಂಡರು. 13 ಸಾವಿರಕ್ಕೂ ಹೆಚ್ಚು ಜನರ ಮೇಲೆ ಗಡೀಪಾರಿನ ಪ್ರಕ್ರಿಯೆ ಶುರುವಾಯಿತು. 2011ರಲ್ಲಿ ಅದನ್ನು ನಿಲ್ಲಿಸಿದರು, 2016ರ ಡಿಸೆಂಬರ್‌ನಲ್ಲಿ ನಿಯಮವನ್ನೇ ತೆಗೆದುಹಾಕಿದರು. ಅಷ್ಟರಲ್ಲಿ ನನ್ನ ಗೆಳೆಯ ಟೊರಾಂಟೊಗೆ ಹೋಗಿ ಎಷ್ಟೋ ವರ್ಷ ಆಗಿತ್ತು. ನಾವು ಆಮೇಲೂ ಒಂದು ವರ್ಷ ಒಟ್ಟಿಗೇ ಊಟ ಮಾಡಿದೆವು. ಆ ದಿನದ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ಇಂಡಿಯಾ ಪಟ್ಟಿಯಲ್ಲಿ ಇರಲಿಲ್ಲವಲ್ಲ ಎಂದು ಆಗ ನಿಟ್ಟುಸಿರು ಬಿಟ್ಟಿದ್ದೆ. ಭಗತ್ ಸಿಂಗ್ ಥಿಂದ್ ಹೆಸರು ನನಗೆ ಗೊತ್ತಾಗಿದ್ದು ಎಷ್ಟೋ ತಡವಾಗಿ. ಪಂಜಾಬಿನವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. 1923ರಲ್ಲಿ ಅವರ ಪೌರತ್ವದ ಕೇಸಿನಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಸಿಟಿಜನ್ ಆಗುವಂತಿಲ್ಲ ಎಂದಿತು. ಕೊಟ್ಟಿದ್ದ ಪೌರತ್ವವನ್ನೂ ಹತ್ತಾರು ಭಾರತೀಯರಿಂದ ಕಿತ್ತುಕೊಂಡರು. ದಾರಿ ಮತ್ತೆ ತೆರೆದಿದ್ದು 1946ರಲ್ಲಿ, ಆಗಲೂ ಹೊಸದಾಗಿ ವಲಸೆ ಬರಲು ವರ್ಷಕ್ಕೆ ಸುಮಾರು 100 ಜನರ ಕೋಟಾ.

ಬೇ ಏರಿಯಾಗೆ ಬಂದರೆ ಒಮ್ಮೆ ಸ್ಯಾನ್ ಬ್ರೂನೊ ಊರಿನ ಬಾರ್ಟ್ ರೈಲು ಸ್ಟೇಷನ್‌ನಲ್ಲಿ ಇಳಿಯಿರಿ, ಏರ್‌ಪೋರ್ಟ್‌ಗೆ ಹತ್ತಿರ. ಪಕ್ಕದಲ್ಲಿ ಮೊದಲು ಟ್ಯಾನ್‌ಫೊರಾನ್ ಎಂಬ ರೇಸ್‌ಕೋರ್ಸ್ ಇತ್ತು. 1942ರಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಸಹಿ ಹಾಕಿದ ಒಂದು ಆದೇಶದಿಂದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಯಿಂದ ಎಬ್ಬಿಸಿದರು. ಅವರಲ್ಲಿ ಹೆಚ್ಚಿನವರು ಇಲ್ಲೇ ಹುಟ್ಟಿದ ಸಿಟಿಜನ್‌ಗಳು. ಸುಮಾರು 8,000 ಜನರನ್ನು ಈ ರೇಸ್‌ಕೋರ್ಸಿನಲ್ಲಿಟ್ಟರು, ಎಷ್ಟೋ ಸಂಸಾರಗಳನ್ನು ಕುದುರೆ ಲಾಯದಲ್ಲೇ. ಸ್ಟೇಷನ್ ಹೊರಗೆ ಇಬ್ಬರು ಪುಟ್ಟ ಹುಡುಗಿಯರ ಪ್ರತಿಮೆ ಇದೆ. ಊರಿಂದ ಅಪ್ಪ ಬಂದಾಗ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಎಮರ್ಜೆನ್ಸಿ ಕಾಲದಲ್ಲಿ ಅವರು ಬೆಂಗಳೂರಿನಲ್ಲಿ ಗುಮಾಸ್ತರು, ಈಗ ಫ್ರೀಡಂ ಪಾರ್ಕ್ ಆಗಿರುವ ಸೆಂಟ್ರಲ್ ಜೈಲಿನ ಮುಂದೆಯೇ ದಿನಾ ಓಡಾಟ. ಪ್ರತಿಮೆಯನ್ನು ಸುಮಾರು ಹೊತ್ತು ನೋಡಿ, "ಆಗ ಬಸ್ಸು ಟೈಮಿಗೆ ಬರ್ತಿತ್ತು ಕಣೋ, ಅದೇ ಮಾತಾಡ್ಕೊಂಡು ಓಡಾಡ್ತಿದ್ವಿ" ಎಂದರು.

ಅಮೆರಿಕನ್ನರು ಸ್ವಾತಂತ್ರ್ಯದ ವಿಷಯದಲ್ಲಿ ಬಹಳ ಜಾಗೃತರು ಎಂದುಕೊಂಡು ಬಂದಿರುತ್ತೀರಿ. ಆ ಭ್ರಮೆ ಬೇಗ ಬಿಡಿ. 2001ರ ದಾಳಿಯಾಗಿ 45 ದಿನಕ್ಕೆ, ಸರ್ಕಾರದ ಕಣ್ಗಾವಲಿನ ಅಧಿಕಾರ ಹೆಚ್ಚಿಸುವ ಪೇಟ್ರಿಯಟ್ ಆಕ್ಟ್ ಎಂಬ ಕಾನೂನು ಜಾರಿಗೆ ಬಂತು. ಸೆನೆಟ್‌ನಲ್ಲಿ 98 ಮತ ಪರ. ವಿರೋಧ ಒಂದೇ ಒಂದು, ವಿಸ್ಕಾನ್ಸಿನ್‌ನ ರಸ್ ಫೈನ್‌ಗೋಲ್ಡ್ ಅವರದ್ದು. ಆ ಕಾನೂನಿನ ಒಂದು ಕಲಮನ್ನು ಹಿಡಿದು ಸರ್ಕಾರ ಕೋಟ್ಯಂತರ ಜನರ ಫೋನ್ ಕರೆಗಳ ಲೆಕ್ಕ ಕೂಡಿಹಾಕುತ್ತಿದೆ ಎಂದು 2013ರ ಜೂನ್‌ನಲ್ಲಿ ಬೇಹುಗಾರಿಕೆ ಇಲಾಖೆಯ ಗುತ್ತಿಗೆ ನೌಕರ ಎಡ್ವರ್ಡ್ ಸ್ನೋಡನ್ ಬಯಲು ಮಾಡಿದರು. ಅದೇ ವಾರ ಬಾಸ್ಕೆಟ್‌ಬಾಲ್ ಫೈನಲ್ಸ್ ಶುರುವಾಗಿತ್ತು. ನಮ್ಮ ಆಫೀಸಿನ ಕಾಫಿ ಮೆಷಿನ್ ಹತ್ತಿರ ಯಾವುದರ ಮಾತು ಜಾಸ್ತಿ ಆಯಿತು ಎಂದು ಹೇಳಬೇಕಿಲ್ಲ. "ನನ್ನ ಹತ್ರ ಮುಚ್ಚಿಡೋಕೆ ಏನಿದೆ?" ಎಂದು ಒಬ್ಬ ಕೇಳಿದ. ಅವನು ಬಾತ್‌ರೂಮಿಗೆ ಹೋದಾಗ ಬಾಗಿಲು ಹಾಕಿಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೇನೆ. 2015ರಲ್ಲಿ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಆ ಒಟ್ಟು ಸಂಗ್ರಹವನ್ನು ನಿಲ್ಲಿಸಿತು. ಬೇರೆ ದಾರಿಯ ಕಣ್ಗಾವಲು ಉಳಿಯಿತು.

ಮನೆಗೇ ಕೈ ಹಾಕಿದರೆ ಮಾತ್ರ ಇಲ್ಲಿನವರು ಎದ್ದು ನಿಲ್ಲುತ್ತಾರೆ. ಕನೆಕ್ಟಿಕಟ್‌ನ ನ್ಯೂ ಲಂಡನ್ ಎಂಬ ಊರು, ಖಾಸಗಿಯವರ ಅಭಿವೃದ್ಧಿ ಯೋಜನೆಗಾಗಿ ಜನರ ಮನೆ ಸ್ವಾಧೀನ ಮಾಡಿಕೊಳ್ಳಲು ಹೊರಟಿತು. ಸುಸೆಟ್ ಕೀಲೊ ಎಂಬ ನರ್ಸ್ ತಮ್ಮ ಪುಟ್ಟ ಗುಲಾಬಿ ಬಣ್ಣದ ಮನೆಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋರಾಡಿ 2005ರಲ್ಲಿ 5-4ರಲ್ಲಿ ಸೋತರು. ದೇಶ ಕೆರಳಿತು. 40ಕ್ಕೂ ಹೆಚ್ಚು ರಾಜ್ಯಗಳು ಕಾನೂನು ಬದಲಿಸಿದವು. ಮನೆಗಳನ್ನು ಎಬ್ಬಿಸಿದ ಆ ಜಾಗ ಮಾತ್ರ ಎಷ್ಟೋ ವರ್ಷ ಹುಲ್ಲು ಬೆಳೆದುಕೊಂಡು ಹಾಗೇ ಬಿದ್ದಿತ್ತು. ನಮ್ಮ ಕಡೆ ಕೆಐಎಡಿಬಿ ಭೂಮಿಯ ಜಗಳ ನೋಡಿದವರಿಗೆ ಇದು ಹೊಸದಲ್ಲ ಬಿಡಿ.

ವೋಟಿನ ಲೆಕ್ಕ ನೋಡಿ. 2024ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅರ್ಹರಲ್ಲಿ ಸುಮಾರು 64% ಬಂದರು. ಅಧ್ಯಕ್ಷರ ಅವಧಿಯ ನಡುವೆ ಬರುವ ಮಧ್ಯಂತರ ಚುನಾವಣೆಗೆ 2014ರಲ್ಲಿ ಬಂದವರು ಸುಮಾರು 36%, ಎರಡನೇ ಮಹಾಯುದ್ಧದ ನಂತರದಲ್ಲೇ ಕಡಿಮೆ. ಊರಿನ ಮೇಯರ್, ಸ್ಕೂಲ್ ಬೋರ್ಡ್ ಚುನಾವಣೆ ಪ್ರತ್ಯೇಕವಾಗಿ ನಡೆದರೆ ಐವರಲ್ಲಿ ಒಬ್ಬರು ಬಂದರೂ ದೊಡ್ಡದು ಎನ್ನುವ ಊರುಗಳಿವೆ. ನಿಮ್ಮ ಮಕ್ಕಳ ಸ್ಕೂಲು, ನಿಮ್ಮ ಬೀದಿಯ ಪೊಲೀಸು, ನಿಮ್ಮ ಆಸ್ತಿ ತೆರಿಗೆ ನಿರ್ಧಾರ ಆಗುವುದು ಅಲ್ಲೇ.

ಇಂಥ ನಿರ್ಧಾರಗಳಾಗುವ ಕೋಣೆ ಎಷ್ಟು ಖಾಲಿ ಎಂದು ನಾನು ಕಣ್ಣಾರೆ ನೋಡಿದ್ದು ಮಗಳಿಂದಾಗಿ. ಹೈಸ್ಕೂಲಿನ ಕೊನೆಯ ವರ್ಷ, ಯಾವುದಾದರೂ ಸಾರ್ವಜನಿಕ ಸಭೆಗೆ ಹೋಗಿ ವರದಿ ಬರೆಯಿರಿ ಎಂದು ಹೋಮ್‌ವರ್ಕ್. ಕಾರು ಓಡಿಸಲು ನಾನು. ನಮ್ಮೂರಿನ ಸಿಟಿ ಕೌನ್ಸಿಲ್ ಸಭೆ, ಮಂಗಳವಾರ ಸಂಜೆ ಏಳಕ್ಕೆ. ಇನ್ನೂರು ಕುರ್ಚಿಯಲ್ಲಿ ನಾವು ಒಂಬತ್ತು ಜನ, ಅದರಲ್ಲಿ ಮೂವರು ಅದೇ ಹೋಮ್‌ವರ್ಕಿನ ಮಕ್ಕಳು. ಅವತ್ತಿನ ಪಟ್ಟಿಯಲ್ಲಿ "ಕನ್ಸೆಂಟ್ ಕ್ಯಾಲೆಂಡರ್" ಎಂಬ ಭಾಗ ಇತ್ತು. ಚರ್ಚೆ ಬೇಡದ ಸಣ್ಣಪುಟ್ಟ ವಿಷಯ ಎಂದು ಹದಿನೈದಿಪ್ಪತ್ತು ಬಾಬತ್ತನ್ನು ಒಂದೇ ಏಟಿಗೆ ಪಾಸು ಮಾಡುವ ಗಂಟು ಅದು. ಫುಟ್‌ಪಾತ್ ರಿಪೇರಿ ಮತ್ತು ಲೈಬ್ರರಿ ಕಾರ್ಪೆಟ್ ನಡುವೆ ಒಂದು ಸಾಲು: ಊರಿನ ರಸ್ತೆಗಳಲ್ಲಿ ಓಡಾಡುವ ಪ್ರತಿ ಕಾರಿನ ನಂಬರ್ ಪ್ಲೇಟ್ ಓದಿ ಇಟ್ಟುಕೊಳ್ಳುವ ಕ್ಯಾಮೆರಾಗಳ ಗುತ್ತಿಗೆ.

ಒಬ್ಬ ಮುದುಕಿ, ನಿವೃತ್ತ ಲೈಬ್ರರಿಯನ್ ಅಂತೆ, ಅದನ್ನು ಗಂಟಿನಿಂದ ಹೊರಗೆ ತೆಗೆಯಿರಿ ಎಂದರು. ಮೈಕ್ ಮುಂದೆ ಮೂರು ನಿಮಿಷ. ಸಮಯ ತೋರಿಸಲು ಹಸಿರು, ಹಳದಿ, ಕೆಂಪು ದೀಪ. ಅವರು ಭಾಷಣ ಮಾಡಲಿಲ್ಲ, ಎರಡೇ ಪ್ರಶ್ನೆ ಕೇಳಿದರು. ಚಿತ್ರಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಬೇರೆ ಯಾರಿಗೆ ಕೊಡುತ್ತೀರಿ? ಹೊರರಾಜ್ಯಗಳಿಗೆ ಕೊಡಬಾರದು ಎಂದು ಕ್ಯಾಲಿಫೋರ್ನಿಯಾದಲ್ಲಿ 2015ರಲ್ಲೇ ಕಾನೂನಾಗಿದೆ ಎಂದು ನೆನಪಿಸಿದರು. ಪೊಲೀಸ್ ಅಧಿಕಾರಿ ಕಾಗದ ತಿರುವಿ, ಒಂದು ವರ್ಷ ಇಡುತ್ತೇವೆ ಎಂದರು. ಎರಡನೆಯದಕ್ಕೆ, ನೋಡಿ ಹೇಳುತ್ತೇವೆ ಎಂದರು. ಕೌನ್ಸಿಲ್‌ನವರು ಮುಖ ಮುಖ ನೋಡಿಕೊಂಡು ಮುಂದಿನ ಸಭೆಗೆ ಹಾಕಿದರು. ಮಗಳು ಅಷ್ಟರಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ. ಎರಡು ವಾರ ಬಿಟ್ಟು ನಾನೊಬ್ಬನೇ ಹೋದೆ. ಗುತ್ತಿಗೆ ಪಾಸಾಯಿತು, ಆದರೆ ಒಂದು ವರ್ಷ ಹೋಗಿ 30 ದಿನ ಆಗಿತ್ತು. ಅವತ್ತು ನಾನೂ ಒಂದು ನಿಮಿಷ ಮಾತಾಡಿದೆ. ಮಂಡಿ ನಡುಗುತ್ತಿತ್ತು. ಏನು ಹೇಳಿದೆನೋ ದೇವರಿಗೇ ಗೊತ್ತು.

ಮಾತಾಡಲು ವೋಟು ಬೇಕಿಲ್ಲ, ವೀಸಾ ಯಾವುದು ಎಂದು ಯಾರೂ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಭೆಗೆ ಬರಲು ಹೆಸರು ಬರೆಸಲೇಬೇಕು ಎನ್ನುವಂತೆಯೂ ಇಲ್ಲ. ಆದರೆ ಸುಮ್ನೆ ಧೈರ್ಯ ತುಂಬುವವನು ನಾನಲ್ಲ. ಮಾತಿನ ಹಕ್ಕು ಇಲ್ಲಿರುವ ಎಲ್ಲರಿಗೂ ಎಂದು ಓದಿದ್ದೇವೆ. 2025ರಲ್ಲಿ ಪ್ಯಾಲೆಸ್ಟೀನ್ ಪರ ಮಾತಾಡಿದ ವಿದೇಶಿ ವಿದ್ಯಾರ್ಥಿಗಳ ವೀಸಾ ರದ್ದಾಗಿದ್ದನ್ನೂ ನೋಡಿದ್ದೇವೆ. ವೀಸಾ ಅರ್ಜಿಯಲ್ಲಿ ಸೋಷಿಯಲ್ ಮೀಡಿಯಾ ಖಾತೆಯ ಹೆಸರು ಕೇಳುತ್ತಿರುವುದು 2019ರಿಂದ. ಹಾಗಾಗಿ ವೀಸಾದವರು ಅಳೆದು ತೂಗಿ ಮಾತಾಡಿ. ಬೀದಿ ದೀಪ, ಸ್ಕೂಲು, ಕ್ಯಾಮೆರಾ, ಇವುಗಳಿಂದ ಶುರು ಮಾಡಿ. ಸಿಟಿಜನ್ ಆಗಿ ಹತ್ತು ವರ್ಷ ಆದ ನಮ್ಮಂಥವರಿಗೆ ಈ ನೆಪವೂ ಇಲ್ಲ. ಕೂಟದ ಪದಾಧಿಕಾರಿ ಚುನಾವಣೆಗೆ ಕಿತ್ತಾಡುವವರಲ್ಲಿ ಅರ್ಧ ಜನ ಒಮ್ಮೆ ಸಿಟಿ ಹಾಲ್‌ಗೆ ಬಂದಿದ್ದರೆ!

ನಿಮ್ಮೂರಿನ ಸಿಟಿ ವೆಬ್‌ಸೈಟಿನಲ್ಲಿ ಸಭೆಯ ಅಜೆಂಡಾ ಹಾಕಿರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಾದರೆ ಮಾಮೂಲಿ ಸಭೆಗೆ 72 ಗಂಟೆ ಮೊದಲೇ ಹಾಕಬೇಕು. ಕನ್ಸೆಂಟ್ ಕ್ಯಾಲೆಂಡರ್ ಮೊದಲು ಓದಿ. ಹೋಗುವಾಗ ಒಂದು ಸ್ವೆಟರ್ ಇರಲಿ, ಎಸಿ ಜೋರಾಗಿರುತ್ತೆ. ಏಳಕ್ಕೆ ಶುರುವಾದದ್ದು ಹತ್ತೂವರೆ ಆದರೂ ಮುಗಿಯಲ್ಲ, ಹೊರಗೆ ವೆಂಡಿಂಗ್ ಮೆಷಿನ್ ಬಿಟ್ಟರೆ ಏನೂ ಇಲ್ಲ. ಊಟ ಮಾಡಿಕೊಂಡೇ ಹೋಗಿ.